ಕೀಟಗಳಲ್ಲಿ ಪೊರೆ ಬಿಟ್ಟ ನಂತರದ ಬಣ್ಣ ಬದಲಾವಣೆ

ಕೀಟಗಳು ಹಳೆಯ ಹೊರಕವಚವನ್ನು ಕಳಚಿ ಹೊರಬಂದಾಗ ಅವುಗಳ ಮೈ ಸಾಮಾನ್ಯವಾಗಿ ಬಿಳುಪಾಗಿ ಅಥವಾ ಮಾಸಲು ಬಣ್ಣದ್ದಾಗಿ ಇರುತ್ತದೆ. ಕೆಲವು ನಿಮಿಷಗಳಿಂದ ಹಿಡಿದು ಕೆಲವು ದಿನಗಳ ಅವಧಿಯಲ್ಲಿ ಅದು ಗಟ್ಟಿಯಾಗುತ್ತ ತನ್ನ ಜಾತಿಗೆ ಸಹಜವಾದ ಕಂದು, ಕಪ್ಪು, ಹಳದಿ ಮುಂತಾದ ಬಣ್ಣಗಳನ್ನು ಪಡೆಯುತ್ತದೆ. ಈ ಬದಲಾವಣೆಗೆ ಮುಖ್ಯ ಕಾರಣ ಹೊಸ ಕವಚದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳು. ಕವಚದ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿಗೊಳಿಸುವ ಕ್ರಿಯೆಯೂ ಬಣ್ಣ ಕೊಡುವ ಕ್ರಿಯೆಯೂ ಬಹುಮಟ್ಟಿಗೆ ಒಂದೇ ಮೂಲವಸ್ತುವಿನಿಂದ ಹೊರಡುತ್ತವೆ. ಹೀಗೆ ಪೊರೆ ಬಿಟ್ಟು ಇನ್ನೂ ಮೆತ್ತಗೆ, ಬಿಳಿಚಿಕೊಂಡಿರುವ ಕೀಟವನ್ನು ಕೀಟಶಾಸ್ತ್ರದಲ್ಲಿ ‘ಟೆನೆರಲ್’ ಎನ್ನುತ್ತಾರೆ.

ಹಾವು ಪೊರೆ ಬಿಡುವ ಮೊದಲು ಮಂಕಾಗಿದ್ದು, ಪೊರೆ ಬಿಟ್ಟೊಡನೆ ಹೊಳೆಯುತ್ತದೆ. ಕೀಟದಲ್ಲಿ ಇದಕ್ಕೆ ವಿರುದ್ಧವಾದ ಕ್ರಮವನ್ನು ಕಾಣುತ್ತೇವೆ: ಕಳಚಿದ ಹಳೆಯ ಪೊರೆಗೆ ಬಣ್ಣವಿರುತ್ತದೆ, ಹೊರಬಂದ ಜೀವಿಗೆ ಬಣ್ಣವಿರುವುದಿಲ್ಲ.

ಹೊರಕವಚದ ರಚನೆ

ಕೀಟಗಳಿಗೆ ದೇಹದ ಒಳಗೆ ಎಲುಬುಗಳಿಲ್ಲ. ಅವುಗಳ ಮೈಯನ್ನು ಆವರಿಸಿರುವ ಕವಚವೇ ಚರ್ಮವೂ ಹೌದು, ಅಸ್ಥಿಪಂಜರವೂ ಹೌದು. ಹೊರಚರ್ಮದ ಒಂದೇ ಪದರದ ಜೀವಕೋಶಗಳು ಈ ಕವಚವನ್ನು ಸ್ರವಿಸುತ್ತವೆ. ಕವಚದ ಅತ್ಯಂತ ಹೊರಗಿನ ತೆಳುಪದರದಲ್ಲಿ ಮೇಣ ಮತ್ತು ಪ್ರೋಟೀನುಗಳಿದ್ದು, ಅದು ದೇಹದ ನೀರು ಆವಿಯಾಗದಂತೆ ತಡೆಯುತ್ತದೆ. ಅದರ ಕೆಳಗಿನ ದಪ್ಪ ಪದರದಲ್ಲಿ ಕೈಟಿನ್ ಎಂಬ ಶರ್ಕರ ವರ್ಗದ ಉದ್ದನೆಯ ಸರಪಳಿಗಳೂ ಅವುಗಳ ನಡುವೆ ಹಲವು ಬಗೆಯ ಪ್ರೋಟೀನುಗಳೂ ಇರುತ್ತವೆ.

ಕೈಟಿನ್ ತಾನಾಗಿಯೇ ಬಣ್ಣವಿಲ್ಲದ, ಬಾಗಬಲ್ಲ ವಸ್ತು. ಕಂಬಳಿಹುಳುವಿನ ಮೆತ್ತನೆಯ ಮೈಯಲ್ಲಿಯೂ ಜೀರುಂಡೆಯ ಗಟ್ಟಿ ರೆಕ್ಕೆಯಲ್ಲಿಯೂ ಕೈಟಿನ್ ಇದೆ. ಎರಡರ ನಡುವಿನ ವ್ಯತ್ಯಾಸವನ್ನು ಬಹುಮಟ್ಟಿಗೆ ನಿರ್ಧರಿಸುವುದು ಪ್ರೋಟೀನುಗಳ ಸ್ವಭಾವ ಮತ್ತು ಅವು ಎಷ್ಟರಮಟ್ಟಿಗೆ ಒಂದಕ್ಕೊಂದು ಬೆಸೆದುಕೊಂಡಿವೆ ಎಂಬುದು. ಒಮ್ಮೆ ಗಟ್ಟಿಯಾದ ಕವಚ ಹಿಗ್ಗಲಾರದು. ಆದ್ದರಿಂದ ಬೆಳೆಯಬೇಕಾದ ಕೀಟ ಅದನ್ನು ಕಳಚಲೇಬೇಕು.

ಪೊರೆ ಬಿಡುವ ಹಂತಗಳು

ಪೊರೆ ಬಿಡುವ ಕ್ರಿಯೆ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಮೊದಲೇ ಆರಂಭವಾಗಿರುತ್ತದೆ. ಮೊದಲಿಗೆ ಹೊರಚರ್ಮದ ಜೀವಕೋಶಗಳು ಹಳೆಯ ಕವಚದಿಂದ ಬೇರ್ಪಡುತ್ತವೆ. ಈ ನಡುವಿನ ಜಾಗಕ್ಕೆ ಕಿಣ್ವಗಳುಳ್ಳ ದ್ರವ ಸೇರಿ ಹಳೆಯ ಕವಚದ ಒಳಪದರವನ್ನು ಕರಗಿಸುತ್ತದೆ. ಕರಗಿದ ಅಂಶಗಳ ಬಹುಪಾಲನ್ನು ಕೀಟ ಮತ್ತೆ ಹೀರಿಕೊಂಡು ಬಳಸಿಕೊಳ್ಳುತ್ತದೆ. ಅದೇ ವೇಳೆಗೆ ಕೆಳಗಡೆ ಹೊಸ ಕವಚ ರೂಪುಗೊಳ್ಳುತ್ತದೆ. ಇಕ್ಕಟ್ಟಾದ ಹಳೆಯ ಚಿಪ್ಪಿನೊಳಗೆ ಇರಬೇಕಾದ ಕಾರಣ ಅದು ಮಡಿಕೆಮಡಿಕೆಯಾಗಿ ಸುಕ್ಕುಗಟ್ಟಿರುತ್ತದೆ.

ಕೊನೆಗೆ ಕೀಟ ಗಾಳಿಯನ್ನೋ ನೀರನ್ನೋ ನುಂಗಿ, ಸ್ನಾಯುಗಳನ್ನು ಬಿಗಿದು ಒಳಗಿನ ಒತ್ತಡವನ್ನು ಹೆಚ್ಚಿಸುತ್ತದೆ. ಹಳೆಯ ಕವಚ ಬೆನ್ನಿನ ಮೇಲಿನ ದುರ್ಬಲ ಗೆರೆಯ ಉದ್ದಕ್ಕೂ ಸೀಳುತ್ತದೆ. ಕೀಟ ಆ ಸೀಳಿನಿಂದ ಕಾಲು, ಮೀಸೆ, ಬಾಯಿಯ ಅಂಗಗಳು, ಉಸಿರ್ನಾಳದ ಒಳಪದರ ಎಲ್ಲವನ್ನೂ ಎಳೆದುಕೊಂಡು ಹೊರಬರುತ್ತದೆ. ಆಮೇಲೆ ಹೊಸ ಕವಚ ಮಡಿಕೆ ಬಿಚ್ಚಿ ಹಿಗ್ಗುತ್ತದೆ. ಹಿಗ್ಗಿ ಮುಗಿದ ಮೇಲೆ ಗಟ್ಟಿಯಾಗುವುದು ಮತ್ತು ಬಣ್ಣವೇರುವುದು ನಡೆಯುತ್ತವೆ.

ಬಣ್ಣವೇರುವ ರಾಸಾಯನಿಕ ಕ್ರಿಯೆ

ಈ ಕ್ರಿಯೆಯ ಮೂಲವಸ್ತು ಟೈರೋಸಿನ್ ಎಂಬ ಅಮೈನೊ ಆಮ್ಲ. ಪೊರೆ ಬಿಡುವ ಮುನ್ನ ಕೀಟ ಆಹಾರದಿಂದ ದೊರೆತ ಟೈರೋಸಿನ್ನನ್ನು ತನ್ನ ರಕ್ತದ್ರವದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಸಮಯ ಬಂದಾಗ ಕಿಣ್ವಗಳು ಅದನ್ನು ಡೋಪಾ ಆಗಿಯೂ, ಡೋಪಾವನ್ನು ಡೋಪಮೈನ್ ಆಗಿಯೂ ಪರಿವರ್ತಿಸುತ್ತವೆ. ಮನುಷ್ಯನ ಮಿದುಳಿನಲ್ಲಿ ನರಗಳ ಸಂದೇಶವಾಹಕವಾಗಿರುವ ಡೋಪಮೈನ್ ಕೀಟದಲ್ಲಿ ಕವಚ ಕಟ್ಟುವ ಸಾಮಗ್ರಿಯೂ ಆಗಿದೆ. ಡೋಪಮೈನ್ ಇಲ್ಲಿಂದ ಮುಂದೆ ಮೂರು ದಾರಿಗಳಲ್ಲಿ ಸಾಗಬಹುದು.

* ಡೋಪಮೈನ್ ನೇರವಾಗಿ ಉತ್ಕರ್ಷಿತಗೊಂಡು ಮೆಲನಿನ್ ಆದರೆ ಕವಚ ಕಪ್ಪಾಗುತ್ತದೆ.
* ಅದಕ್ಕೆ ಬೀಟಾ-ಅಲನಿನ್ ಸೇರಿ ಎನ್-ಬೀಟಾ-ಅಲನೈಲ್‌ಡೋಪಮೈನ್ ಆದರೆ ಕವಚ ಹಳದಿ ಅಥವಾ ಕಂದು ಛಾಯೆ ಪಡೆಯುತ್ತದೆ.
* ಅದಕ್ಕೆ ಅಸಿಟೈಲ್ ಗುಂಪು ಸೇರಿ ಎನ್-ಅಸಿಟೈಲ್‌ಡೋಪಮೈನ್ ಆದರೆ ಕವಚ ಗಟ್ಟಿಯಾಗಿಯೂ ಹೆಚ್ಚುಕಡಿಮೆ ಬಣ್ಣವಿಲ್ಲದೆ ಉಳಿಯಬಹುದು.

ಜೀವಕೋಶಗಳು ಈ ವಸ್ತುಗಳನ್ನು ಹೊಸ ಕವಚದೊಳಕ್ಕೆ ಬಿಡುತ್ತವೆ. ಅಲ್ಲಿ ಲ್ಯಾಕೇಸ್ ಎಂಬ ತಾಮ್ರಯುಕ್ತ ಕಿಣ್ವ ಆಮ್ಲಜನಕವನ್ನು ಬಳಸಿ ಅವನ್ನು ಕ್ವಿನೋನುಗಳಾಗಿ ಮಾರ್ಪಡಿಸುತ್ತದೆ. ಕ್ವಿನೋನುಗಳು ಬಹಳ ಚುರುಕಾಗಿ ವರ್ತಿಸುವ ಅಣುಗಳು. ಅವು ಪಕ್ಕಪಕ್ಕದ ಪ್ರೋಟೀನುಗಳಿಗೆ ಅಂಟಿ ಸೇತುವೆಗಳನ್ನು ಕಟ್ಟುತ್ತವೆ. ಪ್ರೋಟೀನುಗಳ ನಡುವಿನ ನೀರು ಹೊರದೂಡಲ್ಪಡುತ್ತದೆ, ಕವಚ ಬಿಗಿಯಾಗುತ್ತದೆ. 2005ರಲ್ಲಿ ಕೆಂಪು ಹಿಟ್ಟಿನ ಜೀರುಂಡೆಯ ಮೇಲೆ ನಡೆದ ಪ್ರಯೋಗದಲ್ಲಿ ಲ್ಯಾಕೇಸ್-2 ವಂಶವಾಹಿಯನ್ನು ಅಡಗಿಸಿದಾಗ ಪೊರೆ ಬಿಟ್ಟ ಕೀಟಗಳು ಗಟ್ಟಿಯಾಗದೆ, ಬಣ್ಣವೂ ಬಾರದೆ ಉಳಿದವು.

ಚರ್ಮ ಹದಮಾಡುವವರು ಆವರಿಕೆಯ ತೊಗಟೆಯ ರಸದಲ್ಲಿ ಹಸಿಚರ್ಮವನ್ನು ನೆನೆಸಿದಾಗ ತೊಗಟೆಯ ಟ್ಯಾನಿನ್ ಚರ್ಮದ ಪ್ರೋಟೀನುಗಳನ್ನು ಹಿಡಿದುಕೊಂಡು ಅದನ್ನು ಬಾಳಿಕೆ ಬರುವಂತೆ ಮಾಡುತ್ತದೆ. ಹಾಗೆಯೇ ಚರ್ಮಕ್ಕೆ ಕಂದು ಬಣ್ಣವೂ ಬರುತ್ತದೆ. ಕೀಟದ ಕವಚದಲ್ಲಿ ನಡೆಯುವುದೂ ಇದಕ್ಕೆ ಹೋಲುವ ಕ್ರಿಯೆಯಾದ್ದರಿಂದ ಅದನ್ನು ‘ಹದಗೊಳ್ಳುವಿಕೆ’ ಎಂದೇ ಕರೆಯಲಾಗಿದೆ. ಜಿರಳೆಯ ಮೊಟ್ಟೆಚೀಲ ಗಟ್ಟಿಯಾಗುವ ಬಗೆಯನ್ನು ಅಧ್ಯಯನ ಮಾಡಿ ಪ್ರಯೋರ್ ಎಂಬ ವಿಜ್ಞಾನಿ 1940ರಲ್ಲಿ ಕ್ವಿನೋನುಗಳ ಪಾತ್ರವನ್ನು ವಿವರಿಸಿದರು. 1962ರಲ್ಲಿ ಕಾರ್ಲ್ಸನ್ ಮತ್ತು ಸೆಕೆರಿಸ್ ಅವರು ನೊಣದ ಕವಚವನ್ನು ಗಟ್ಟಿಗೊಳಿಸುವ ವಸ್ತು ಎನ್-ಅಸಿಟೈಲ್‌ಡೋಪಮೈನ್ ಎಂದು ಗುರುತಿಸಿದರು.

ಗಡಸುತನ ಮತ್ತು ಬಣ್ಣ ಜೊತೆಜೊತೆಯಾಗಿ ಬಂದರೂ ಅವೆರಡೂ ಒಂದೇ ಅಲ್ಲ. ಹಣ್ಣಿನ ನೊಣದ ‘ಎಬೊನಿ’ ಎಂಬ ವಿಕೃತ ತಳಿಯಲ್ಲಿ ಡೋಪಮೈನಿಗೆ ಬೀಟಾ-ಅಲನಿನ್ ಸೇರಿಸುವ ಕಿಣ್ವವಿಲ್ಲ. ಹೀಗಾಗಿ ಉಳಿದುಕೊಂಡ ಡೋಪಮೈನ್ ಮೆಲನಿನ್ನಿನ ದಾರಿ ಹಿಡಿದು ನೊಣ ಕಪ್ಪಾಗುತ್ತದೆ. ‘ಯೆಲ್ಲೊ’ ಎಂಬ ತಳಿಯಲ್ಲಿ ಕಪ್ಪು ಮೆಲನಿನ್ ಉಂಟಾಗದೆ ನೊಣ ಹಳದಿಯಾಗಿರುತ್ತದೆ. ಒಂದೇ ಕೀಟದ ಮೈಮೇಲೆ ಪಟ್ಟೆಗಳೂ ಚುಕ್ಕೆಗಳೂ ಮೂಡುವುದಕ್ಕೆ ಕಾರಣವೂ ಇದೇ: ಯಾವ ಭಾಗದ ಜೀವಕೋಶಗಳು ಯಾವ ಕಿಣ್ವವನ್ನು ತಯಾರಿಸುತ್ತವೆ ಎಂಬುದರ ಮೇಲೆ ಆ ಭಾಗದ ಬಣ್ಣ ನಿಂತಿದೆ.

ಹಾರ್ಮೋನುಗಳ ನಿಯಂತ್ರಣ

ಪೊರೆ ಬಿಡುವಿಕೆಯನ್ನು ಆರಂಭಿಸುವುದು ಎಕ್ಡೈಸೋನ್ ಎಂಬ ಹಾರ್ಮೋನು. ಇದನ್ನು 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್ಸನ್ ಅವರು ರೇಷ್ಮೆಹುಳುವಿನ ಕೋಶಾವಸ್ಥೆಯ ಕೀಟಗಳಿಂದ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಸುಮಾರು 500 ಕಿಲೋಗ್ರಾಂ ಕೀಟಗಳಿಂದ ಅವರಿಗೆ ದೊರೆತದ್ದು 25 ಮಿಲಿಗ್ರಾಂ ಹರಳು ಮಾತ್ರ. ಮುಂದಿನ ಹಂತದಲ್ಲಿ ಕೀಟ ಮರಿಯಾಗಿಯೇ ಉಳಿಯಬೇಕೆ, ರೂಪಾಂತರ ಹೊಂದಬೇಕೆ ಎಂಬುದನ್ನು ಬಾಲ್ಯ ಹಾರ್ಮೋನಿನ ಪ್ರಮಾಣ ನಿರ್ಧರಿಸುತ್ತದೆ.

ಪೊರೆ ಕಳಚಿದ ಮೇಲೆ ಮೈ ಗಟ್ಟಿಯಾಗಲು ಮತ್ತು ಬಣ್ಣವೇರಲು ಅಪ್ಪಣೆ ಕೊಡುವುದು ಬರ್ಸಿಕಾನ್ ಎಂಬ ಬೇರೊಂದು ಹಾರ್ಮೋನು. 1962ರಲ್ಲಿ ಕಾಟ್ರೆಲ್ ಅವರೂ, ಫ್ರೆಂಕೆಲ್ ಮತ್ತು ಶಿಯಾವ್ ಅವರೂ ಮಾಂಸದ ನೊಣಗಳ ಮೇಲೆ ಸ್ವತಂತ್ರವಾಗಿ ನಡೆಸಿದ ಪ್ರಯೋಗಗಳು ಇದರ ಇರವನ್ನು ತೋರಿಸಿದವು. ಕೋಶದಿಂದ ಆಗಷ್ಟೇ ಹೊರಬಂದ ನೊಣದ ಕುತ್ತಿಗೆಗೆ ದಾರ ಬಿಗಿದು ತಲೆ ಮತ್ತು ಮುಂಡದ ನಡುವಿನ ಸಂಪರ್ಕವನ್ನು ತಪ್ಪಿಸಿದಾಗ ಅದರ ಮುಂಡ ಬಿಳುಪಾಗಿಯೇ ಉಳಿಯಿತು. ಬಣ್ಣವೇರುತ್ತಿರುವ ಇನ್ನೊಂದು ನೊಣದ ರಕ್ತದ್ರವವನ್ನು ಆ ಮುಂಡಕ್ಕೆ ಚುಚ್ಚಿದಾಗ ಅದೂ ಕಪ್ಪಾಯಿತು. ಹದಗೊಳಿಸುವುದು ಎಂಬ ಅರ್ಥದ ಗ್ರೀಕ್ ಮೂಲದಿಂದ 1965ರಲ್ಲಿ ಈ ಹಾರ್ಮೋನಿಗೆ ಹೆಸರಿಡಲಾಯಿತು. ಅದು ಎರಡು ಪ್ರೋಟೀನುಗಳು ಜೋಡಿಯಾಗಿ ಆದ ಅಣುವೆಂಬುದು 2004 ಮತ್ತು 2005ರ ಸಂಶೋಧನೆಗಳಿಂದ ಸ್ಪಷ್ಟವಾಯಿತು.

ಈ ಪ್ರಯೋಗದ ಮಹತ್ವ ದೊಡ್ಡದು. ದಾರ ಬಿಗಿದ ನೊಣಕ್ಕೂ ಬಿಗಿಯದ ನೊಣಕ್ಕೂ ಸಿಕ್ಕಿದ್ದು ಒಂದೇ ಗಾಳಿ, ಒಂದೇ ಬೆಳಕು. ಆದರೂ ಒಂದು ಬಣ್ಣ ಪಡೆಯಿತು, ಇನ್ನೊಂದು ಪಡೆಯಲಿಲ್ಲ. ಆದ್ದರಿಂದ ಬಣ್ಣವೇರುವುದು ಗಾಳಿಗೆ ಒಣಗುವುದರಿಂದ ತಾನಾಗಿ ಆಗುವ ಬದಲಾವಣೆಯಲ್ಲ; ಕೀಟದ ನರಮಂಡಲ ಸಮಯ ನೋಡಿ ಹೊರಡಿಸುವ ಆಜ್ಞೆಯ ಫಲ.

ಪೊರೆ ಕಳಚಿದ ನಂತರವೇ ಏಕೆ?

ಹೊಸ ಕವಚ ಹಳೆಯದರ ಒಳಗಿರುವಾಗಲೇ ಗಟ್ಟಿಯಾದರೆ ಅದರ ಮಡಿಕೆಗಳು ಬಿಚ್ಚಲಾರವು, ಕೀಟ ದೊಡ್ಡದಾಗಲಾರದು. ಕಿರಿದಾದ ಸೀಳಿನಿಂದ ನುಸುಳಿ ಹೊರಬರಲೂ ಮೆತ್ತನೆಯ ಮೈ ಬೇಕು. ಹೀಗಾಗಿ ಗಟ್ಟಿಯಾಗುವ ಕೆಲಸವನ್ನು ಹಿಗ್ಗುವ ಕೆಲಸ ಮುಗಿಯುವವರೆಗೆ ಮುಂದೂಡಬೇಕಾಗುತ್ತದೆ. ಗಟ್ಟಿಯಾಗುವುದರೊಂದಿಗೆ ಹೆಣೆದುಕೊಂಡಿರುವ ಬಣ್ಣವೂ ಅದರೊಂದಿಗೆ ಹಿಂದೆ ಸರಿಯುತ್ತದೆ.

ಮಾಂಸದ ನೊಣ ಇದಕ್ಕೆ ಉತ್ತಮ ನಿದರ್ಶನ. ಅದರ ಕೋಶ ಮಣ್ಣಿನಡಿಯಲ್ಲಿರುತ್ತದೆ. ಹೊರಬಂದ ನೊಣ ಮಣ್ಣನ್ನು ತೋಡಿಕೊಂಡು ಮೇಲೆ ಬರಬೇಕು. ತೋಡುತ್ತಿರುವಷ್ಟು ಹೊತ್ತೂ ಅದು ರೆಕ್ಕೆ ಬಿಚ್ಚುವುದಿಲ್ಲ, ಬಣ್ಣವನ್ನೂ ಪಡೆಯುವುದಿಲ್ಲ. ಬಯಲಿಗೆ ಬಂದ ಮೇಲಷ್ಟೇ ಬರ್ಸಿಕಾನ್ ಬಿಡುಗಡೆಯಾಗಿ ರೆಕ್ಕೆ ಹರಡಿ ಮೈ ಕಪ್ಪಾಗುತ್ತದೆ.

ಈ ನಿಯಮಕ್ಕೆ ಅಪವಾದಗಳಿವೆ. ಹೊರಬರಲು ನೆರವಾಗುವ ಉಗುರು, ಮುಳ್ಳುಗೂದಲು, ಕೆಲವು ಕೀಟಗಳ ದವಡೆಯ ತುದಿ ಮುಂತಾದ ಭಾಗಗಳು ಹಿಗ್ಗಬೇಕಾಗಿಲ್ಲ. ಅವು ಪೊರೆ ಕಳಚುವ ಮುನ್ನವೇ ಗಟ್ಟಿಯಾಗಿ ಬಣ್ಣ ಪಡೆದಿರುತ್ತವೆ. ಚಿಟ್ಟೆಯ ರೆಕ್ಕೆಯ ಬಣ್ಣ ಸೂಕ್ಷ್ಮ ಹುರುಪೆಗಳಲ್ಲಿದ್ದು, ಆ ಹುರುಪೆಗಳು ಕೋಶದೊಳಗೇ ಸಿದ್ಧವಾಗುತ್ತವೆ. ಆದ್ದರಿಂದ ಚಿಟ್ಟೆ ಮುದುಡಿದ ರೆಕ್ಕೆಯೊಂದಿಗೆ ಹೊರಬಂದರೂ ಬಣ್ಣದೊಂದಿಗೇ ಬರುತ್ತದೆ.

ಹೊರಬಂದ ಕೂಡಲೇ ಕಾಣುವ ಬದಲಾವಣೆಗಳು

* ಜಿರಳೆ: ಪೊರೆ ಬಿಟ್ಟಾಗ ಕಣ್ಣುಗಳನ್ನು ಬಿಟ್ಟರೆ ಉಳಿದ ಮೈಯೆಲ್ಲ ಬಿಳಿ. ಕೆಲವು ಗಂಟೆಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ.
* ಉತ್ತರ ಅಮೆರಿಕದ 13 ಮತ್ತು 17 ವರ್ಷಗಳ ಸಿಕಾಡಗಳು: ನೆಲದಿಂದ ಮೇಲೆ ಬಂದು ಕೊನೆಯ ಪೊರೆ ಬಿಟ್ಟಾಗ ಕೆಂಪು ಕಣ್ಣಿನ ಬಿಳಿ ಕೀಟಗಳು. ತಲೆಯ ಹಿಂದೆ ಎರಡು ಕಪ್ಪು ಮಚ್ಚೆಗಳು ಮಾತ್ರ ಮೊದಲೇ ಇರುತ್ತವೆ. ಕೆಲವು ಗಂಟೆಗಳಲ್ಲಿ ಮೈ ಕಪ್ಪಾಗುತ್ತದೆ.
* ಏಳು ಚುಕ್ಕೆಯ ಗುಲಗಂಜಿ ಹುಳು: ಕೋಶದಿಂದ ಬಂದಾಗ ರೆಕ್ಕೆಕವಚ ಹಳದಿಯಾಗಿದ್ದು ಚುಕ್ಕೆಗಳಿರುವುದಿಲ್ಲ. ಗಂಟೆಗಳೊಳಗೆ ಕಪ್ಪು ಚುಕ್ಕೆಗಳು ಮೂಡುತ್ತವೆ. ಕೆಂಪು ಬಣ್ಣ ಗಾಢವಾಗುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.
* ನೊಣದ ಕೋಶಚಿಪ್ಪು: ನೊಣದ ಮರಿಹುಳು ತನ್ನ ಕೊನೆಯ ಚರ್ಮವನ್ನು ಕಳಚುವ ಬದಲು ಅದನ್ನೇ ಕೋಶದ ಚಿಪ್ಪಾಗಿ ಮಾಡಿಕೊಳ್ಳುತ್ತದೆ. ಬಿಳಿಯ ಚರ್ಮ ಕೆಂಪುಗಂದಾಗಿ ಗಟ್ಟಿಯಾಗುತ್ತದೆ.

ಒಂದು ಪೊರೆಯಿಂದ ಇನ್ನೊಂದು ಪೊರೆಗೆ ಬದಲಾಗುವ ವಿನ್ಯಾಸ

ಕೆಲವು ಕೀಟಗಳಲ್ಲಿ ಹಳೆಯ ಬಣ್ಣ ಮರಳಿ ಬರುವುದಿಲ್ಲ. ಪೊರೆ ಬಿಟ್ಟ ಮೇಲೆ ಬೇರೆಯದೇ ಬಣ್ಣ ಕಾಣಿಸಿಕೊಳ್ಳುತ್ತದೆ. ನಿಂಬೆ ಮತ್ತು ಕರಿಬೇವಿನ ಗಿಡಗಳ ಮೇಲೆ ಬೆಳೆಯುವ ನಿಂಬೆಚಿಟ್ಟೆಯ ಕಂಬಳಿಹುಳು ಇದಕ್ಕೆ ಮನೆಯಂಗಳದ ಉದಾಹರಣೆ. ಮೊದಲ ಹಂತಗಳಲ್ಲಿ ಕಂದು ಬಿಳುಪು ಮಿಶ್ರವಾಗಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು, ನಾಲ್ಕನೆಯ ಪೊರೆ ಬಿಟ್ಟು ಐದನೆಯ ಹಂತಕ್ಕೆ ಕಾಲಿಟ್ಟಾಗ ಎಲೆಯಂತೆ ಹಸಿರಾಗುತ್ತದೆ. ಚಿಕ್ಕ ಹುಳುವಿಗೆ ಹಿಕ್ಕೆಯ ವೇಷ ಒಪ್ಪುತ್ತದೆ. ಮೈ ದೊಡ್ಡದಾದ ಮೇಲೆ ಆ ವೇಷ ಯಾರನ್ನೂ ನಂಬಿಸಲಾರದು. ಆಗ ಎಲೆಯ ನಡುವೆ ಕರಗಿಹೋಗುವ ಹಸಿರೇ ಲೇಸು.

ಇದೇ ಕುಲದ ಏಷ್ಯಾದ ಪ್ಯಾಪಿಲಿಯೊ ಕ್ಸುತಸ್ ಎಂಬ ಚಿಟ್ಟೆಯ ಮೇಲೆ ಜಪಾನಿನ ಫುತಾಹಾಶಿ ಮತ್ತು ಫುಜಿವಾರ ಅವರು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ನಾಲ್ಕನೆಯ ಹಂತದ ಆರಂಭದಲ್ಲಿ ಬಾಲ್ಯ ಹಾರ್ಮೋನು ಇಳಿಯುವುದೇ ಈ ವೇಷಾಂತರಕ್ಕೆ ಸೂಚನೆ ಎಂದು ಅದು ತೋರಿಸಿತು. ಆ ಅವಧಿಯಲ್ಲಿ ಹೊರಗಿನಿಂದ ಹಾರ್ಮೋನು ಲೇಪಿಸಿದರೆ ಹುಳು ಐದನೆಯ ಹಂತದಲ್ಲಿಯೂ ಹಿಕ್ಕೆಯ ವೇಷವನ್ನೇ ಉಳಿಸಿಕೊಳ್ಳುತ್ತದೆ. ಇಲ್ಲಿ ಹಸಿರು ಎಂಬುದು ಒಂದೇ ವರ್ಣದ್ರವ್ಯವಲ್ಲ. ನೀಲಿ ಬಣ್ಣದ ಪಿತ್ತವರ್ಣಕ ಮತ್ತು ಸಸ್ಯಗಳಿಂದ ಬಂದ ಹಳದಿ ಕ್ಯಾರೋಟಿನಾಯ್ಡ್ ಎರಡೂ ಸೇರಿ ಹಸಿರಾಗಿ ಕಾಣುತ್ತವೆ.

ರೇಷ್ಮೆಹುಳು ಮೊಟ್ಟೆಯೊಡೆದು ಬಂದಾಗ ಕಪ್ಪಾಗಿ ಇರುವೆಯನ್ನು ಹೋಲುತ್ತದೆ. ಬೆಳೆದಂತೆ ಅದು ಬೆಳ್ಳಗಾಗುತ್ತದೆ. ನಾಲ್ಕು ಬಾರಿ ಪೊರೆ ಬಿಟ್ಟು ಐದು ಹಂತಗಳಲ್ಲಿ ಬೆಳೆಯುವ ಈ ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿರುತ್ತದೆ. ಕರ್ನಾಟಕದ ರೇಷ್ಮೆ ಬೆಳೆಗಾರರು ಈ ಸ್ಥಿತಿಯನ್ನು ‘ಜ್ವರ’ ಎಂದು ಕರೆಯುತ್ತಾರೆ. ಬೆಳೆದ ಹುಳುವಿನ ಬಿಳುಪಿಗೆ ಕಾರಣ ಅದರ ಹೊರಚರ್ಮದ ಜೀವಕೋಶಗಳಲ್ಲಿ ತುಂಬಿಕೊಳ್ಳುವ ಯೂರಿಕ್ ಆಮ್ಲದ ಕಣಗಳು. ಈ ಕಣಗಳು ಸೇರದ ವಿಕೃತ ತಳಿಗಳಲ್ಲಿ ಹುಳುವಿನ ಚರ್ಮ ಎಣ್ಣೆ ಹಚ್ಚಿದ ಕಾಗದದಂತೆ ಪಾರದರ್ಶಕವಾಗಿ ಕಾಣುತ್ತದೆ.

ಮಿಡತೆಗಳಲ್ಲಿ ಈ ಬದಲಾವಣೆಗೆ ಗುಂಪುಗಾರಿಕೆಯೂ ಕಾರಣವಾಗುತ್ತದೆ. ಒಂಟಿಯಾಗಿ ಬೆಳೆದ ಮರುಭೂಮಿ ಮಿಡತೆಯ ಮರಿ ಹಸಿರಾಗಿರುತ್ತದೆ. ಕಿಕ್ಕಿರಿದು ಬೆಳೆದಾಗ, ಮುಂದಿನ ಪೊರೆಗಳನ್ನು ಬಿಡುತ್ತ ಹೋದಂತೆ, ಹಳದಿಯ ಮೇಲೆ ಕಪ್ಪು ಮಚ್ಚೆಗಳು ಮೂಡುತ್ತವೆ. ಕಪ್ಪಾಗುವುದಕ್ಕೆ ಕೊರಜೊನಿನ್ ಎಂಬ ನರಹಾರ್ಮೋನು ಕಾರಣವೆಂದು 1999ರಲ್ಲಿ ತಿಳಿದುಬಂದಿತು. ಬಣ್ಣವೂ ನಡವಳಿಕೆಯೂ ಇಷ್ಟೊಂದು ಬೇರೆಯಾದ್ದರಿಂದ ಮಿಡತೆಯ ಎರಡು ಸ್ಥಿತಿಗಳನ್ನು ಹಿಂದೆ ಬೇರೆಬೇರೆ ಜಾತಿಗಳೆಂದೇ ಭಾವಿಸಲಾಗಿತ್ತು. ಅವು ಒಂದೇ ಜಾತಿಯ ಎರಡು ರೂಪಗಳೆಂದು ಬೋರಿಸ್ ಉವಾರೊವ್ 1921ರಲ್ಲಿ ಪ್ರತಿಪಾದಿಸಿದರು.

ಕೊನೆಯ ಪೊರೆಯ ನಂತರ ನಿಧಾನವಾಗಿ ಬರುವ ಬಣ್ಣ

ಪ್ರೌಢಾವಸ್ಥೆ ತಲುಪಿದ ಕೀಟಗಳು ಸಾಮಾನ್ಯವಾಗಿ ಮತ್ತೆ ಪೊರೆ ಬಿಡುವುದಿಲ್ಲ. ಆದರೂ ಕೆಲವು ಕೀಟಗಳ ಬಣ್ಣ ಲೈಂಗಿಕವಾಗಿ ಬಲಿತಂತೆ ಬದಲಾಗುತ್ತದೆ. ಕರ್ನಾಟಕದ ಕೆರೆ, ಗದ್ದೆಗಳ ಬಳಿ ಕಾಣುವ ಕ್ರೋಕೋತೆಮಿಸ್ ಸರ್ವಿಲಿಯ ಎಂಬ ಏರೋಪ್ಲೇನ್ ಚಿಟ್ಟೆಯ ಗಂಡು ಮೊದಲು ಹಳದಿಯಾಗಿದ್ದು, ಬಲಿತಂತೆ ಕಡುಗೆಂಪಾಗುತ್ತದೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇಲ್ಲಿ ಹೊಸ ವರ್ಣದ್ರವ್ಯ ಬೇಕಾಗಿಲ್ಲ. ಚರ್ಮದಲ್ಲಿ ಮೊದಲೇ ಇರುವ ಓಮೋಕ್ರೋಮ್ ಎಂಬ ವರ್ಣಕ ಅಪಕರ್ಷಣ ಹೊಂದಿದಾಗ ಹಳದಿ ಕೆಂಪಾಗುತ್ತದೆ. ಅಪಕರ್ಷಣಕಾರಿಯಾದ ಸಿ ಜೀವಸತ್ವವನ್ನು ಎಳೆಯ ಕೀಟಗಳಿಗೆ ಚುಚ್ಚಿದಾಗ ಅವೂ ಕೆಂಪಾದವು.

ಗುಂಪಿನಲ್ಲಿ ಬೆಳೆದ ಮರುಭೂಮಿ ಮಿಡತೆ ರೆಕ್ಕೆ ಬಂದ ಹೊಸದರಲ್ಲಿ ಗುಲಾಬಿ ಬಣ್ಣದ್ದಾಗಿದ್ದು, ಬಲಿತ ಮೇಲೆ ಹಳದಿಯಾಗುತ್ತದೆ. ಈ ಹಳದಿಗೆ ಕಾರಣ ಕ್ಯಾರೋಟಿನ್ ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು.

ಸಾಮಾನ್ಯ ತಪ್ಪು ಕಲ್ಪನೆಗಳು

ಮನೆಯಲ್ಲಿ ಬಿಳಿ ಜಿರಳೆ ಕಂಡಾಗ ಅದನ್ನು ಬೇರೆ ಜಾತಿಯೆಂದೋ, ‘ಆಲ್ಬಿನೊ’ ಎಂದೋ ಭಾವಿಸುವುದುಂಟು. ಆಲ್ಬಿನೊ ಎಂದರೆ ವರ್ಣಕ ತಯಾರಿಸುವ ಶಕ್ತಿಯೇ ಇಲ್ಲದಿರುವ ಅನುವಂಶಿಕ ಸ್ಥಿತಿ. ಬಿಳಿ ಜಿರಳೆ ಆಗಷ್ಟೇ ಪೊರೆ ಬಿಟ್ಟ ಸಾಧಾರಣ ಜಿರಳೆ. ಕೀಟನಾಶಕದ ಪ್ರಭಾವದಿಂದ ಅದು ಬಿಳುಪೇರಿದೆ ಎಂಬ ನಂಬಿಕೆಗೂ ಆಧಾರವಿಲ್ಲ. ಪೊರೆ ಬಿಡುವಾಗ ಅದು ಮರೆಯಲ್ಲಿ ಅಡಗಿರುವುದರಿಂದಲೇ ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ.

ಪೊರೆಗೆ ಸಂಬಂಧಿಸಿದ ಬದಲಾವಣೆಯನ್ನು ಕ್ಷಣಿಕ ಬಣ್ಣ ಬದಲಾವಣೆಯೊಂದಿಗೆ ಬೆರೆಸಬಾರದು. ದಕ್ಷಿಣ ಭಾರತ ಮೂಲದ ಕಡ್ಡಿಕೀಟವೊಂದು ರಾತ್ರಿ ಕಪ್ಪಾಗಿ, ಹಗಲು ತಿಳಿಯಾಗುತ್ತದೆ. ಅದು ಚರ್ಮದ ಜೀವಕೋಶಗಳೊಳಗೆ ವರ್ಣಕದ ಕಣಗಳು ಸ್ಥಳ ಬದಲಿಸುವುದರಿಂದ ಆಗುವಂಥದ್ದು, ದಿನವೂ ಹಿಂದುಮುಂದಾಗಬಲ್ಲದು. ಹದಗೊಂಡ ಕವಚದ ಬಣ್ಣವಾದರೋ ಹಿಂದಕ್ಕೆ ಹೋಗುವುದಿಲ್ಲ. ಅದನ್ನು ಬಿಟ್ಟುಕೊಡುವ ದಾರಿ ಮತ್ತೊಮ್ಮೆ ಪೊರೆ ಬಿಡುವುದು ಮಾತ್ರ.

ಜೀವನದಲ್ಲಿ ಮತ್ತು ಬಳಕೆಯಲ್ಲಿ ಮಹತ್ವ

ಪೊರೆ ಬಿಟ್ಟ ಕೆಲವು ಗಂಟೆಗಳು ಕೀಟದ ಬದುಕಿನ ಅತ್ಯಂತ ಅಪಾಯದ ಹೊತ್ತು. ಓಡಲು ಕಾಲಿಗೆ ಬಿಗುವಿಲ್ಲ, ಹಾರಲು ರೆಕ್ಕೆಗೆ ಗಡಸಿಲ್ಲ. ಬಿಳುಪಾದ ಮೈ ಶತ್ರುವಿನ ಕಣ್ಣಿಗೆ ಬೇಗ ಬೀಳುತ್ತದೆ. ಹಕ್ಕಿ, ಜೇಡ, ಇರುವೆಗಳಿಗೆ ಮಾತ್ರವಲ್ಲದೆ ಸ್ವಜಾತಿಯ ಕೀಟಗಳಿಗೂ ಅವು ಆಹಾರವಾಗುವುದುಂಟು. ಆದ್ದರಿಂದ ಅನೇಕ ಕೀಟಗಳು ರಾತ್ರಿಯಲ್ಲಿ ಅಥವಾ ಮರೆಯಲ್ಲಿ ಪೊರೆ ಬಿಡುತ್ತವೆ. ಬಣ್ಣ ಬಂದ ಮೇಲೆ ಮೆಲನಿನ್ ಅತಿನೇರಳೆ ಕಿರಣಗಳಿಂದ ರಕ್ಷಣೆ ಕೊಡುತ್ತದೆ. ಬಿಸಿಲಿನ ಶಾಖವನ್ನು ಹೀರಿಕೊಳ್ಳಲು ನೆರವಾಗುತ್ತದೆ.

ಕೃಷಿಯಲ್ಲಿ ಈ ತಿಳಿವಳಿಕೆಗೆ ನೇರ ಬಳಕೆಯಿದೆ. ಡೈಫ್ಲುಬೆಂಜುರಾನ್ ಮುಂತಾದ ಕೀಟನಾಶಕಗಳು ಕೈಟಿನ್ ತಯಾರಾಗದಂತೆ ತಡೆಯುತ್ತವೆ. ಹೀಗಾಗಿ ಪೊರೆ ಬಿಡಲು ಹೊರಟ ಮರಿಹುಳುವಿಗೆ ಸರಿಯಾದ ಹೊಸ ಕವಚ ದೊರೆಯದೆ ಅದು ಸಾಯುತ್ತದೆ. ಮಿಡತೆಗಳ ಬಣ್ಣವನ್ನು ನೋಡಿ ಅವುಗಳ ಸ್ಥಿತಿಯನ್ನು ಅಳೆಯಬಹುದು. ಗುಲಾಬಿ ಬಣ್ಣದ ಹಿಂಡು ದೂರ ಹಾರಿ ಬೆಳೆ ತಿನ್ನಬಲ್ಲದು, ಆದರೆ ಇನ್ನೂ ಮೊಟ್ಟೆಯಿಡುವ ಹಂತಕ್ಕೆ ಬಂದಿರುವುದಿಲ್ಲ. ಹಳದಿ ಹಿಂಡು ಮೊಟ್ಟೆಯಿಡಲು ಸಿದ್ಧವಾಗಿರುತ್ತದೆ. 2020ರಲ್ಲಿ ರಾಜಸ್ಥಾನ, ಮಧ್ಯಪ್ರದೇಶ ಮೊದಲಾದ ರಾಜ್ಯಗಳಿಗೆ ಗುಲಾಬಿ ಬಣ್ಣದ ಹಿಂಡುಗಳು ಬಂದಾಗ, ಅವು ಹಳದಿಗೆ ತಿರುಗುವ ಮೊದಲೇ ನಿಯಂತ್ರಿಸುವುದು ಮುಖ್ಯವಾಗಿತ್ತು.

ನ್ಯಾಯ ವಿಜ್ಞಾನದಲ್ಲಿ ಮೃತದೇಹದ ಬಳಿ ದೊರೆಯುವ ನೊಣದ ಕೋಶಚಿಪ್ಪುಗಳ ಬಣ್ಣ ಗಮನಾರ್ಹ. ಇನ್ನೂ ಬಿಳುಪಾಗಿರುವ ಚಿಪ್ಪು ಆಗಷ್ಟೇ ಕೋಶಾವಸ್ಥೆಗೆ ಹೋದದ್ದನ್ನು ಸೂಚಿಸುತ್ತದೆ. ರೆಕ್ಕೆ ಬಿಚ್ಚದ, ಬಣ್ಣ ಬಾರದ ಎಳೆಯ ನೊಣ ದೊರೆತರೆ ಅದು ಅಲ್ಲಿಯೇ ತನ್ನ ಬೆಳವಣಿಗೆಯನ್ನು ಮುಗಿಸಿ ಹೊರಬಂದಿರುವ ಸಾಧ್ಯತೆ ಹೆಚ್ಚು. ಕೀಟಗಳನ್ನು ಸಂಗ್ರಹಿಸಿ ಗುರುತಿಸುವ ವಿದ್ಯಾರ್ಥಿಗಳೂ ಇದನ್ನು ನೆನಪಿನಲ್ಲಿಡಬೇಕು. ಬಣ್ಣವೊಂದನ್ನೇ ನಂಬಿದರೆ ಒಂದೇ ಜಾತಿಯ ಎಳೆಯ ಮತ್ತು ಬಲಿತ ಕೀಟಗಳನ್ನು ಎರಡು ಜಾತಿಗಳೆಂದು ಬರೆದುಕೊಳ್ಳುವ ಸಂಭವವಿದೆ. ಮೈ ಮೆತ್ತಗಿರುವ, ರೆಕ್ಕೆಗೆ ಎಳೆಯ ಹೊಳಪಿರುವ ಕೀಟ ಸಿಕ್ಕಾಗ ಅದನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ ಒಂದೆರಡು ದಿನ ಇರಿಸಿ, ಬಣ್ಣ ನಿಂತ ಮೇಲೆ ಗುರುತಿಸುವುದು ಸರಿಯಾದ ಕ್ರಮ.